ಪ್ರಚಾರದ ಹಾಡು ಯಾರ ಕಿವಿಗೆ?

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಸಿಗುವ ಊರುಗಳು. ವಿಧಾನಸಭೆಯ ಲೆಕ್ಕದಲ್ಲಿ ಮಾತ್ರ ಮೂರೂ ಮೂರು ಬಗೆ. ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು, ಮಸ್ಕಿ ಪರಿಶಿಷ್ಟ ಪಂಗಡಕ್ಕೆ, ಸಿಂಧನೂರು ಸಾಮಾನ್ಯ ಕ್ಷೇತ್ರ. ಕ್ಷೇತ್ರ ಪುನರ್ವಿಂಗಡಣೆಯಿಂದ ಹುಟ್ಟಿದ ಮಸ್ಕಿ ಮೊದಲ ಸಲ ಮತ ಹಾಕಿದ್ದು 2008ರಲ್ಲಿ. ಲೋಕಸಭೆಗೆ ಲಿಂಗಸುಗೂರಿನವರು ರಾಯಚೂರಿನ ಸಂಸದರನ್ನು ಆರಿಸಿದರೆ ಉಳಿದ ಎರಡು ಕ್ಷೇತ್ರಗಳವರು ಕೊಪ್ಪಳದ ಸಂಸದರನ್ನು ಆರಿಸುತ್ತಾರೆ.

ಇಲ್ಲಿನ ಮತದಾರರೂ ಅಷ್ಟೇ ಬಗೆಬಗೆಯವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸುತ್ತಲ ಎರೆಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಹೊಲ ಕೊಂಡು ನೆಲೆಸಿದರು. ಅವರ ಬಿಡಾರಗಳು ಇಂದಿಗೂ ಕ್ಯಾಂಪುಗಳೇ, ಮನೆಮಾತು ತೆಲುಗು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರ್ಕಾರ ಇದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು. ಲಿಂಗಸುಗೂರು, ಮಸ್ಕಿ ಕಡೆ ಹೊರಟರೆ ಲಂಬಾಣಿ ತಾಂಡಾಗಳು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ವಸತಿಗಳು, ಉರ್ದು ಮಾತಾಡುವ ಓಣಿಗಳು ಸಿಗುತ್ತವೆ. ಮುದಗಲ್ಲಿನಲ್ಲಿ ಕೆಲವು ಶತಮಾನಗಳಷ್ಟು ಹಳೆಯ ಕ್ಯಾಥೊಲಿಕ್ ಸಮುದಾಯವೂ ಇದೆ. ಚುನಾವಣೆ ಬಂದಾಗ ಇವರೆಲ್ಲರ ಮುಂದೆ ಹಾಯುವುದು ಧ್ವನಿವರ್ಧಕ ಕಟ್ಟಿದ ಅದೇ ಟಾಟಾ ಏಸ್ ಗಾಡಿ.

ಆ ಗಾಡಿಯಲ್ಲಿ, ಸಮಾವೇಶದ ಪೆಂಡಾಲಿನಲ್ಲಿ ಯಾವ ಹಾಡು ಹಾಕಬೇಕು, ಯಾವ ಭಾಷೆಯಲ್ಲಿ, ಯಾರ ವಾದ್ಯದಲ್ಲಿ ಎಂಬುದರ ಬಗ್ಗೆ ಈ ಭಾಗದಲ್ಲಿ ಎರಡು ನಿಲುವುಗಳಿವೆ. ಎರಡಕ್ಕೂ ಆಧಾರವಿದೆ. ಕೆಳಗಿನ ಮಾತುಕತೆಯ ಹಿರಿಯರು ನಿವೃತ್ತ ಶಿಕ್ಷಕರು, ಭಜನಾ ಬಳಗದಲ್ಲಿ ತತ್ವಪದ ಹಾಡುವವರು. ಯುವಕ ಸಿಂಧನೂರಿನಲ್ಲಿ ಸಣ್ಣ ಸ್ಟುಡಿಯೊ ನಡೆಸುತ್ತಾನೆ. ಪ್ರಚಾರದ ಹಾಡು ಕಟ್ಟಿ ರೆಕಾರ್ಡ್ ಮಾಡಿಕೊಡುವುದು ಅವನ ಕಸುಬು.

ಹಿರಿಯರು: ತಮ್ಮಾ, ಪಕ್ಷ ಒಂದು, ಅಭ್ಯರ್ಥಿ ಒಬ್ಬ. ಹಾಡು ಮಾತ್ರ ಐದಾರು ಯಾಕ? ಕ್ಯಾಂಪಿಗೊಂದು, ತಾಂಡಾಕ್ಕೊಂದು, ಓಣಿಗೊಂದು. ಸಮಾವೇಶ ಅಂದ್ರ ಎಲ್ಲಾರೂ ಒಂದು ಕಡೆ ಕೂಡೋದು. ಕೂಡ್ಸಾಕ ಕರೆದು ಒಬ್ಬೊಬ್ಬರ ಕಿವ್ಯಾಗ ಒಂದೊಂದು ಮಾತು ಊದಿದ್ರ ಮಂದಿ ಕೂಡಿದ್ದಾದ್ರೂ ಎಲ್ಲಿ?

ಯುವಕ: ಎಲ್ಲಾರಿಗೂ ಒಂದೇ ಹಾಡು ಅಂದ್ರ ಅದು ಯಾವ ಹಾಡು ಅಂತ ಮೊದಲು ಹೇಳ್ರಿ ಸರ್. ಇಲ್ಲಿ ತನಕ ಎಲ್ಲಾರ ಹಾಡು ಅಂತ ಮೈಕಿನ್ಯಾಗ ಬಂದಿದ್ದು ಊರ ನಡುವ ಇರೋ ಮಂದಿ ಹಾಡು. ತಾಂಡಾದ ಮುದುಕ್ಯಾರಿಗೆ ಅವರ ಮಾತಿನ್ಯಾಗ ಯಾರೂ ಏನೂ ಹೇಳಿರ್ಲಿಲ್ಲ. ಆರ್.ಎಚ್. ಕ್ಯಾಂಪಿನ್ಯಾಗ ಮತಕ್ಕ ಹೋದವರು ಕನ್ನಡದಾಗ ಮಾತಾಡಿ ಬರ್ತಿದ್ರು, ಹಿರೇ ಮಂದಿ ಸುಮ್ಮನ ಕೇಳ್ತಿದ್ರು. ಈಗ ಬಂಗಾಳಿಯೊಳಗ ಎರಡು ಸಾಲು ಬಂದ್ರ ಮನಿಯಿಂದ ಹೊರಗ ಬರ್ತಾರ. ಇಷ್ಟು ದಿನ ಕರೀಲಾರದವರನ್ನ ಕರದಾಂಗ ಆತಲ್ರಿ.

ಹಿರಿಯರು: ಕರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಎರಡು ಸಾಲಿನ್ಯಾಗ ಏನೈತಿ? ಧಾಟಿ ತಾಂಡಾದ್ದು, ಹೆಸರು ಅಭ್ಯರ್ಥಿದು. ದೀಪಾವಳಿ ಮುಗಿದ ಮ್ಯಾಲ ಅರ್ಧ ತಾಂಡಾ ಗುಳೆ ಹೋಗ್ತೈತಿ, ಮುದುಕರು, ಕೂಸುಗಳಷ್ಟೇ ಉಳೀತಾರ. ಅದರ ಬಗ್ಗೆ ಒಂದು ಸಾಲು ಹಾಡಿನ್ಯಾಗ ಐತೇನು? ಭಾಷಾ ಅವರದು ತಗೊಂಡು ಸಂಕಟ ಬಿಟ್ರ ಅದಕ್ಕ ಕರಿಯೋದು ಅಂತಾರೇನು?

ಯುವಕ: ಅದು ಹಾಡು ಕಟ್ಟೋ ನನ್ನ ತಪ್ಪಲ್ರಿ, ಬರೆಸೋರ ತಪ್ಪು. ಮತ್ತ ತಾಂಡಾಕ್ಕೊಂದು ಹಾಡು ಯಾಕ ಅಂತ ಕೇಳಿದ್ರಲ್ಲ, 2018ರ ಮಸ್ಕಿ ಫಲಿತಾಂಶ ನೋಡ್ರಿ. ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರ ವಿರುದ್ಧ ಗೆದ್ದಿದ್ದು 213 ಮತದಿಂದ. ಅಷ್ಟು ಮತ ಒಂದು ತಾಂಡಾದಾಗ ಅದಾವ. ಯಾವ ತಾಂಡಾನೂ ಬಿಡಾಕ ಬರಂಗಿಲ್ಲ.

ಹಿರಿಯರು: ಅದೇ ಮಸ್ಕಿಯ 2021ರ ಲೆಕ್ಕಾನೂ ಹೇಳು ಮತ್ತ.

2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆ ಈ ವಾದದ ನಡುವೆ ನಿಲ್ಲಬೇಕಾದ ಘಟನೆ. 2018ರಲ್ಲಿ ಎದುರಾದವರೇ ಮತ್ತೆ ಎದುರಾದರು, ಪಕ್ಷಗಳು ಮಾತ್ರ ಅದಲುಬದಲಾಗಿದ್ದವು: ಪಾಟೀಲರು ಬಿಜೆಪಿಗೆ ಹೋಗಿದ್ದರು, ತುರ್ವಿಹಾಳರು ಕಾಂಗ್ರೆಸ್ಸಿಗೆ ಬಂದಿದ್ದರು. ರಾಜ್ಯದ ದೊಡ್ಡ ನಾಯಕರೆಲ್ಲ ಈ ಸಣ್ಣ ಊರಿಗೆ ಬಂದು ಹೋದರು. ಅದೇ ಹೊತ್ತಿಗೆ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತಿದ್ದರು. ತುರ್ವಿಹಾಳರು 30,606 ಮತಗಳ ಅಂತರದಿಂದ ಗೆದ್ದರು. ಪಕ್ಷಾಂತರದ ಸಿಟ್ಟು, ಕಾಲುವೆಯ ಬೇಡಿಕೆ ಎರಡೂ ಕೆಲಸ ಮಾಡಿದವು ಎನ್ನಬಹುದು. ಹಾಡುಗಳಿಂದ ಇಂಥ ಅಂತರ ಹುಟ್ಟಿತೆಂದು ಯಾರೂ ಹೇಳಲಾರರು.

ದೊಡ್ಡ ಸಮಾವೇಶಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2023ರ ಮೇ 2ರಂದು ಪ್ರಧಾನಿ ನರೇಂದ್ರ ಮೋದಿ ಚಿತ್ರದುರ್ಗ, ಹೊಸಪೇಟೆಯ ಸಭೆಗಳ ಜೊತೆಗೆ ಸಿಂಧನೂರಿನಲ್ಲೂ ಸಭೆ ನಡೆಸಿದರು. ಮೇ 10ರಂದು ಮತದಾನವಾಯಿತು. ಸಿಂಧನೂರಿನಲ್ಲಿ ಕಾಂಗ್ರೆಸ್ಸಿನ ಹಂಪನಗೌಡ ಬಾದರ್ಲಿ ಗೆದ್ದರು, ಮಸ್ಕಿಯಲ್ಲಿ ತುರ್ವಿಹಾಳರು ಉಳಿದರು, ಲಿಂಗಸುಗೂರು ಬಿಜೆಪಿಯ ಮಾನಪ್ಪ ವಜ್ಜಲ್ ಅವರ ಪಾಲಾಯಿತು. ಒಂದೇ ಹೆದ್ದಾರಿಯ ಮೂರು ಊರು ಒಂದೇ ದಿನ ಒಂದೇ ಉತ್ತರ ಕೊಡಲಿಲ್ಲ.

ಯುವಕ: ಹಾಡು ಮತ ತರ್ತೈತಿ ಅಂತ ನಾ ಎಂದೂ ಹೇಳಿಲ್ರಿ. ಹಾಡು ಮಂದಿನ ಮೈದಾನದಾಗ ಕೂಡ್ಸತೈತಿ. ಹೆಲಿಕಾಪ್ಟರ್ ಎರಡು ತಾಸು ತಡ ಆತು, ಏಪ್ರಿಲ್ ಬಿಸಿಲು, ಎದ್ದು ಹೋಗಬಾರ್ದು. ಆಗ ಭಾಷಣ ನಡ್ಯಂಗಿಲ್ಲ, ಹಾಡು ನಡೀತೈತಿ. ಕುಂತವರಾಗ ಎಲ್ಲಾ ನಮೂನಿ ಮಂದಿ ಇರ್ತಾರ. ಅದಕ್ಕ ಎಲ್ಲಾ ನಮೂನಿ ಹಾಡು.

ಹಿರಿಯರು: ಹಂಗಾದ್ರ ಮಂದಿನ ಕುಂದ್ರಸಾಕ ಹಾಡು, ನಿರ್ಧಾರ ಮಾಡಾಕ ಬ್ಯಾರೆ ಯಾರೋ. ಇದು ನನಗ ಸಂಕಟ.

ಹಿರಿಯರ ಸಂಕಟಕ್ಕೆ ಕಾರಣವಿದೆ. ಅಮೆರಿಕದಲ್ಲಿ ಪಕ್ಷದ ಮಹಾಸಮಾವೇಶಕ್ಕೆ ಒಂದು ನಿರ್ದಿಷ್ಟ ಕೆಲಸವಿದೆ: ಪ್ರತಿನಿಧಿಗಳು ಸಾಮಾನ್ಯವಾಗಿ ಅಲ್ಲಿ ಅಧಿಕೃತವಾಗಿ ಅಭ್ಯರ್ಥಿಯನ್ನು ಹೆಸರಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ಚಿಕಾಗೊದಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶದಲ್ಲಿ ಪ್ರತಿ ರಾಜ್ಯದ ಹೆಸರು ಕೂಗಿದಾಗಲೂ ಆ ರಾಜ್ಯಕ್ಕೆಂದೇ ಆರಿಸಿದ ಹಾಡನ್ನು ಡಿಜೆ ನುಡಿಸಿದ. ಅದೇ ಚಿಕಾಗೊದಲ್ಲಿ 1932ರಲ್ಲಿ ರೂಸ್‌ವೆಲ್ಟರ ಹೆಸರು ಬಂದಾಗ ಮೊಳಗಿದ್ದು ‘ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್’ ಎಂಬ ಒಂದೇ ಹಾಡು. ಆರ್ಥಿಕ ಕುಸಿತದಲ್ಲಿ ನಲುಗಿದ್ದ ಇಡೀ ದೇಶಕ್ಕೆ ಆ ಪಕ್ಷದ ಗುರುತಾಗಿ ಅದು ಬಹುಕಾಲ ಉಳಿಯಿತು. ಒಂದು ಹಾಡಿನ ದಾರಿ, ಹಲವು ಹಾಡುಗಳ ದಾರಿ ಎರಡನ್ನೂ ಒಂದೇ ಪಕ್ಷ ಒಂದೇ ಊರಿನಲ್ಲಿ ಹಿಡಿದಿದೆ. ಆದರೆ ಕರ್ನಾಟಕದಲ್ಲಿ ಅಭ್ಯರ್ಥಿಗೆ ಬಿ ಫಾರಂ ಬರುವುದು ವರಿಷ್ಠರ ಕೈಯಿಂದ. ತಾಲ್ಲೂಕಿನ ಸಮಾವೇಶಕ್ಕೆ ಬಂದವರು ಯಾರನ್ನೂ ಆರಿಸುವುದಿಲ್ಲ. ಆರಿಸಿದ್ದನ್ನು ನೋಡಲು ಬರುತ್ತಾರೆ. ಹಾಗಿರುವಾಗ ಅವರ ದನಿಗೆ ಸಮಾವೇಶದಲ್ಲಿ ಜಾಗ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ.

ಹಿರಿಯರು: ಹಾಡಿನಿಂದ ಮಂದಿ ನಿರ್ಧಾರ ಮಾಡಿದ ಕಾಲಾನೂ ಇತ್ತು. 1924ರಾಗ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದಕ್ಕೆ. ಅಲ್ಲಿ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತೆ ಹಾಡಿದ್ರು. ಸ್ವಾಗತಗೀತೆ ಹಾಡಿದ ಸಣ್ಣ ಹುಡುಗ್ಯಾರಾಗ ಗಂಗೂಬಾಯಿ ಹಾನಗಲ್ ಒಬ್ಬರು. ಆಗ ನಾವು ನಿಜಾಮನ ಸೀಮಿಯೊಳಗ ಇದ್ವಿ, ಅವರು ಮುಂಬೈ ಇಲಾಖೆಯೊಳಗ. ಆ ಹಾಡು ಗಡಿ ದಾಟಿ ಬಂತು. 1948ರಾಗ ನಿಜಾಮನ ಆಳ್ವಿಕಿ ಮುಗೀತು, 1956ರಾಗ ರಾಯಚೂರು ಮೈಸೂರು ರಾಜ್ಯಕ್ಕ ಸೇರಿತು. ಹಾಡು ಒಂದೇ ಇತ್ತು, ಅದಕ್ಕ ಅಷ್ಟು ದೂರ ನಡೀತು.

ಯುವಕ: ಆ ಹಾಡಿಗೆ ಕೈ ಮುಗೀತೀನ್ರಿ. ಆದ್ರ ಅದು ಕನ್ನಡ ಮಾತಾಡೋರು ಒಂದಾಗಬೇಕು ಅನ್ನೋ ಹಾಡು. ಒಂದಾದ ಮ್ಯಾಲ ಈ ಸೀಮಿಯೊಳಗ ತೆಲುಗಿನವರು ಬಂದ್ರು, ಬಂಗಾಳಿಯವರು ಬಂದ್ರು. ಲಂಬಾಣಿಯವರು, ಉರ್ದುವಿನವರು ಮೊದಲೇ ಇದ್ರು. ಅವರಿಗೆಲ್ಲ ಮತ ಐತಿ. ಕೂಡಿಸೋ ಹಾಡು ಒಂದಿತ್ತು ಸರಿ. ಕೂಡಿದ ಮ್ಯಾಲ ಒಳಗಿರೋರಿಗೆಲ್ಲ ಒಂದೇ ಹಾಡು ಸಾಲ್ತೈತೇನು?

ಹಿರಿಯರು: ಮತಕ್ಕ ಅಂತ ಭಾಷಾ ಹಿಡಿಯೋದು ಕಾನೂನಿಗೂ ಕೂಡಂಗಿಲ್ಲ. ಧರ್ಮ, ಜಾತಿ, ಭಾಷಾ ಹೆಸರಿನ್ಯಾಗ ಮತ ಕೇಳಬಾರ್ದು ಅಂತ ಐತಿ.

ಯುವಕ: ಭಾಷಾ ಹೆಸರಿನ್ಯಾಗ ಕೇಳಬಾರ್ದು ಅಂತ ಐತ್ರಿ, ಆ ಭಾಷಾದಾಗ ಕೇಳಬಾರ್ದು ಅಂತ ಎಲ್ಲೈತಿ? ನೀ ತೆಲುಗಿನವ, ಅದಕ್ಕ ತೆಲುಗಿನವಗ ಮತ ಹಾಕು ಅಂದ್ರ ತಪ್ಪು. ರಸ್ತಾ ಮಾಡಸ್ತೀವಿ ಅಂತ ತೆಲುಗಿನ್ಯಾಗ ಹೇಳಿದ್ರ ಏನು ತಪ್ಪು?

ಈ ವ್ಯತ್ಯಾಸ ಸರಿಯಾದದ್ದೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ 3ನೇ ಉಪಕಲಮು ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಗಳ ಆಧಾರದ ಮೇಲೆ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು–ಮೂರರ ಬಹುಮತದಲ್ಲಿ, ಈ ನಿಷೇಧ ಅಭ್ಯರ್ಥಿಯ ಗುರುತಿಗಷ್ಟೇ ಅಲ್ಲ, ಮತದಾರರ ಗುರುತಿಗೂ ಅನ್ವಯಿಸುತ್ತದೆ ಎಂದಿತು. ಮತದಾರರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಡುವುದನ್ನು ಯಾವ ಕಲಮೂ ತಡೆದಿಲ್ಲ. ಆದರೆ ಹಾಡಿನಲ್ಲಿ ಗೆರೆ ಬೇಗ ಅಳಿಯುತ್ತದೆ. ಒಂದು ಸಮುದಾಯದ ಜಾತ್ರೆಯ ಧಾಟಿ, ಆ ಸಮುದಾಯದ ಮಹಾಪುರುಷರ ಹೆಸರು, ಅದರ ಬೆನ್ನಿಗೇ ಅಭ್ಯರ್ಥಿಯ ಹೆಸರು ಬಂದರೆ ಬಾಯಲ್ಲಿ ಹೇಳದ ಮನವಿಯನ್ನು ರಾಗವೇ ಹೇಳಿಬಿಡುತ್ತದೆ.

ಸಂಗೀತದ ಶಕ್ತಿಯನ್ನು ಕಾಯ್ದೆ ಹಗುರವಾಗಿ ಎಣಿಸಿಲ್ಲ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಸಂಗೀತ ಕಚೇರಿ, ನಾಟಕ ಅಥವಾ ಬೇರಾವುದೇ ಮನರಂಜನೆಯಿಂದ ಜನರನ್ನು ಸೆಳೆದು ಪ್ರಚಾರ ಮಾಡುವಂತಿಲ್ಲ ಎಂದು 126ನೇ ಕಲಮು ಹೆಸರಿಟ್ಟು ಹೇಳಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಮಕ್ಕಳಿಂದ ಪ್ರಚಾರದ ಹಾಡು, ಪದ್ಯ ಹೇಳಿಸಬಾರದೆಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಸೂಚಿಸಿತು. ರೀಲ್ಸ್‌ಗಾಗಿ ಎಳೆಯ ಕಂಠಗಳನ್ನು ಹುಡುಕುವ ಚಾಳಿ ಹೆಚ್ಚಿದ್ದ ಹೊತ್ತಿನಲ್ಲಿ ಅದು ಬೇಕಿದ್ದ ಮಾತು.

ಯುವಕ: ನಮಗ ಹೆಚ್ಚು ತೊಂದರೆ ಸಿನಿಮಾ ಹಾಡಿಂದು. ಅಭ್ಯರ್ಥಿ ಕಡೆಯವರು ಬರ್ತಾರ, ವೇದಿಕಿ ಹತ್ತುವಾಗ ಕೆಜಿಎಫ್ ಮ್ಯೂಸಿಕ್ ಬೇಕು ಅಂತಾರ. ಹಾಕಿದ್ರ ಕೋರ್ಟು.

2022ರ ನವೆಂಬರಿನ ಪ್ರಕರಣ ಇಂಥ ಸ್ಟುಡಿಯೊಗಳಿಗೆಲ್ಲ ಗೊತ್ತು. ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ದೂರಿತು. ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಡೆಹಿಡಿಯಲು ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಯಾತ್ರೆ ರಾಯಚೂರು ಜಿಲ್ಲೆಯನ್ನು ದಾಟಿ ತೆಲಂಗಾಣಕ್ಕೆ ಹೋದ ಸ್ವಲ್ಪ ದಿನಗಳಲ್ಲೇ ನಡೆದ ಸಂಗತಿ ಇದು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧಾರ್ಮಿಕ ವಿಧಿಗೆ, ಮದುವೆ ಮೆರವಣಿಗೆಗೆ, ಸರ್ಕಾರದ ಅಧಿಕೃತ ಸಮಾರಂಭಕ್ಕೆ ವಿನಾಯಿತಿ ಇದೆ. ಪಕ್ಷದ ಸಮಾವೇಶಕ್ಕೆ ಅದು ಇಲ್ಲ. ನಿನ್ನೆ ಮದುವೆ ಮೆರವಣಿಗೆಯಲ್ಲಿ ನಿರಾತಂಕವಾಗಿ ನುಡಿಸಿದ ಹಾಡನ್ನೇ ಅದೇ ಬ್ಯಾಂಡಿನವರು ಇಂದು ಪಕ್ಷದ ಮೆರವಣಿಗೆಯಲ್ಲಿ ನುಡಿಸಬೇಕಾದರೆ ಪರವಾನಗಿ ಬೇಕು.

ಹಿರಿಯರು: ಅದಕ್ಕ ನಿಮ್ಮಂಥವರ ಕಣ್ಣು ತತ್ವಪದದ ಮ್ಯಾಲ ಬಿತ್ತು. ಅಲ್ಲಿ ಕೇಳವರಿಲ್ಲ ಅಂತ.

ಯುವಕ: ಕೇಳವರಿಲ್ಲ ಅಂತ ಅಲ್ರಿ. ಅದು ಮಂದಿ ಎದಿಯೊಳಗ ಐತಿ ಅಂತ. ಅಮವಾಸಿ ಭಜನಿಯೊಳಗ ಕೇಳಿದ ಧಾಟಿ ಮೈಕಿನ್ಯಾಗ ಬಂದ್ರ ನಿಂತು ಕೇಳ್ತಾರ.

ಹಿರಿಯರು: ನಿಂತು ಕೇಳ್ತಾರ ಅನ್ನೋದೇ ನನಗ ಅಂಜಿಕಿ. ಆ ಧಾಟಿಯೊಳಗ ದೇಹ ಅಳಿಯೋ ಮಾತು, ಗುರುವಿನ ಮಾತು ಕೇಳಿದವರು ಅವರು. ಆ ನಂಬಿಕಿ ಧಾಟಿಗೆ ಅಂಟಿಕೊಂಡೈತಿ. ನೀ ಮಾತು ತಗದು ಹೆಸರು ಹಾಕಿದಿ, ನಂಬಿಕಿ ಹಂಗೇ ಉಳೀತು. ಅದನ್ನ ಯಾರೋ ಒಬ್ಬಗ ದಾಟಿಸಿದಂಗ ಆತಲ್ಲೋ.

ಯುವಕ ಇದಕ್ಕೆ ನೇರ ಉತ್ತರ ಕೊಡಲಿಲ್ಲ. ಅವನು ಮಾತನ್ನು ಹಲಗೆ ವಾದ್ಯದ ಕಡೆಗೆ ತಿರುಗಿಸಿದ. ಈ ಭಾಗದ ಪ್ರಚಾರ ಸಂಗೀತದಲ್ಲಿ ಎಲ್ಲಕ್ಕಿಂತ ತೊಡಕಿನ ಸಂಗತಿಯೂ ಅದೇ.

ಯುವಕ: ತತ್ವಪದ ಬಿಡ್ರಿ. ಹಲಗಿ ವಿಚಾರಕ್ಕ ಬರ್ರಿ. ಮೊದಲು ಹಲಗಿ ಅಂದ್ರ ಊರ ಮುಂದ ಬಾರಿಸಿ ಹಿಂದ ನಿಲ್ಲೋದು. ಈಗ ಕೇರಿ ಹುಡುಗರು ತಂಡ ಕಟ್ಯಾರ, ಒಂದೇ ನಮೂನಿ ಅಂಗಿ ಹೊಲಿಸ್ಯಾರ, ಸಮಾವೇಶಕ್ಕ ಬರ್ರಿ ಅಂದ್ರ ಮೊದಲು ರೇಟ್ ಮಾತಾಡ್ತಾರ. ಇದು ಬದಲಾವಣಿ ಅಲ್ಲೇನ್ರಿ?

ಹಿರಿಯರು: ಬದಲಾವಣಿ ಹೌದು. ಆದ್ರ ನಡುವ ಒಂದು ಕಾಲ ಐತಿ, ಅದು ನಿನಗ ಗೊತ್ತಿಲ್ಲ. ದಲಿತ ಚಳವಳಿ ಬಂದಾಗ ನನ್ನ ಶಿಷ್ಯರಾಗ ಕೆಲವರು ಹಲಗಿ ಮುಟ್ಟಂಗಿಲ್ಲ ಅಂತ ನಿಂತ್ರು. ಸತ್ತ ದನ ಹೊರಂಗಿಲ್ಲ, ಡಂಗುರ ಹೊಡಿಯಂಗಿಲ್ಲ, ಹಬ್ಬಕ್ಕ ಬಿಟ್ಟಿ ಬಾರಸಂಗಿಲ್ಲ. ಊರು ಮುನಿಸಿಕೊಂತು. ಅವರ ಮನಿ ಕೂಲಿ ನಿಂತಿತು. ಆದ್ರೂ ಮುಟ್ಟಲಿಲ್ಲ. ಹಲಗಿ ಬಿಟ್ಟಿದ್ದು ಅವರ ಮಾನ. ಈಗ ಪಕ್ಷದವರು ಬಂದು ಹಲಗಿ ನಿಮ್ಮ ಹೆಮ್ಮಿ, ಬಾರಿಸ್ರಿ ಅಂತಾರ.

ಯುವಕ: ಆಗ ಬಿಟ್ಟವರೂ ಸರಿ, ಈಗ ಹಿಡಿದವರೂ ಸರಿ ಯಾಕಿರಬಾರ್ದು? ಬಿಟ್ಟಿ ಬಾರಿಸೋದಕ್ಕ, ರೊಕ್ಕ ತಗೊಂಡು ಬಾರಿಸೋದಕ್ಕ ಫರಕಿಲ್ಲೇನ್ರಿ?

ಹಿರಿಯರು: ಫರಕೈತಿ. ಆದ್ರ ಎಲ್ಲಿ ನಿಂತು ಬಾರಿಸ್ತಾರ ನೋಡು. ತೆರೆದ ಗಾಡಿ ಮುಂದ, ಬಿಸಿಲಾಗ, ಅಭ್ಯರ್ಥಿ ಗಾಡಿ ಮ್ಯಾಲ. ಸಭಾ ಶುರು ಆದ ಕೂಡ್ಲೆ ಹಲಗಿ ನಿಂತಿತು, ಡಿಜೆ ಶುರು. ವೇದಿಕಿ ಮ್ಯಾಲ ಕುರ್ಚಿ ಅವರಿಗಿಲ್ಲ. ಅದೂ ಲಿಂಗಸುಗೂರಿನಂಥ ಮೀಸಲು ಕ್ಷೇತ್ರದಾಗ.

ಯುವಕ: ಅದು ನಿಜ ಸರ್. ಲಿಂಗಸುಗೂರಿನ್ಯಾಗ ಇನ್ನೊಂದು ಐತಿ. ಬರೀ ಹಲಗಿ ಇಟ್ರ ತಾಂಡಾದವರು ನಮ್ಮ ಕುಣಿತ ಎಲ್ಲಿ ಅಂತಾರ. ಲಂಬಾಣಿ ಕುಣಿತ ಇಟ್ರ ಕೇರಿಯವರು ಮೀಸಲಾತಿ ಅಂದ್ರ ಅವರಿಗಷ್ಟೇ ಏನು ಅಂತಾರ. ಎರಡೂ ಇಟ್ರ ಯಾರದು ಮೊದಲು ಅಂತಾರ. ನಾ ಬರೀ ಸೌಂಡಿನವ, ಆದ್ರ ಒಳಮೀಸಲಾತಿ ಜಗಳ ನನ್ನ ಹಾಡಿನ ಪಟ್ಟಿಯೊಳಗೇ ಬಂದು ಕುಂದರ್ತೈತಿ.

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಮೂರು ದಶಕ ದಾಟಿದ ಒಳಮೀಸಲಾತಿಯ ಹೋರಾಟಕ್ಕೆ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಲ ತಂದಿತು: ಪರಿಶಿಷ್ಟ ಜಾತಿಗಳೊಳಗೆ ರಾಜ್ಯಗಳು ಒಳವರ್ಗೀಕರಣ ಮಾಡಬಹುದು. ಇಷ್ಟು ಸೂಕ್ಷ್ಮವಾದ ಪ್ರಶ್ನೆ ಕ್ಷೇತ್ರದ ತುಂಬ ಜೀವಂತವಾಗಿರುವಾಗ ಸಮಾವೇಶದ ವೇದಿಕೆಗೆ ಯಾವ ವಾದ್ಯ ಮೊದಲು ಬರುತ್ತದೆ ಎಂಬುದನ್ನು ಜನ ಗಮನಿಸದೆ ಇರುವುದಿಲ್ಲ. ಹಾಡಿನ ಆಯ್ಕೆಯನ್ನು ಅಲಂಕಾರವೆಂದು ಬಗೆಯುವ ಪಕ್ಷದ ಕಾರ್ಯಕರ್ತರಿಗಿಂತ ಈ ಯುವಕನಿಗೆ ಅದರ ಭಾರ ಚೆನ್ನಾಗಿ ಗೊತ್ತಿದೆ.

ಹಿರಿಯರು: ಮುದಗಲ್ಲಿಗೆ ಮೊಹರಂಗೆ ಹೋಗಿರ್ಬೇಕಲ್ಲ? ಅಲ್ಲಿ ಪೀರಲ ದೇವರಿಗೆ ಎಲ್ಲಾ ಜಾತಿಯವರು ನಡೀತಾರ. ರಿವಾಯತ್ ಪದ ಹಾಡೋರು ಯಾರು? ಬರೀ ಮುಸಲ್ಮಾನರಲ್ಲ. ಕನ್ನಡದಾಗ ಕರ್ಬಲಾ ಕಥಿ ಹಾಡ್ತಾರ, ಹೆಜ್ಜಿ ಹಾಕ್ತಾರ. ಅಲ್ಲಿ ಯಾರೂ ಇದು ಅವರ ಹಾಡು, ಇದು ಇವರ ಹಾಡು ಅಂತ ಹಂಚಿ ಕೊಟ್ಟಿಲ್ಲ.

ಯುವಕ: ಅದು ನೂರಾರು ವರ್ಷದ್ದು. ಪ್ರಚಾರಕ್ಕ ಸಿಗೋದು ಹದಿನೈದು ದಿನ. ಮತ್ತ ಅಲ್ಲಿ ಯಾರೂ ಯಾರ ಹತ್ರಾನೂ ಏನೂ ಕೇಳಂಗಿಲ್ಲ. ನಮ್ಮ ಹಾಡಿನ್ಯಾಗ ಕೇಳೋದು ಐತಿ, ಕೊಡೋದೂ ಐತಿ. ಎಲ್ಲಾರಿಗೂ ಒಂದೇ ಕೊಡಾಕ ಬರ್ತೈತೇನ್ರಿ?

ಹಿರಿಯರು: 2023ರಾಗ ಕಾಂಗ್ರೆಸ್ಸಿನವರು ಐದು ಗ್ಯಾರಂಟಿ ಹೇಳಿದ್ರು. ಮನಿ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಕರೆಂಟು 200 ಯೂನಿಟ್ ತನಕ ಬಿಟ್ಟಿ, ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ. ಅದು ಕ್ಯಾಂಪಿಗೂ ಒಂದೇ, ತಾಂಡಾಕ್ಕೂ ಒಂದೇ. ಒಪ್ಪೋದು ಬಿಡೋದು ಬ್ಯಾರೆ ಮಾತು. ಎಲ್ಲಾರ ಮುಂದ ಒಂದೇ ಹಾಡಾಗಿ ಹಾಡಾಕ ಬರೋ ಮಾತು ಅದು.

ಯುವಕ: ನಮ್ಮ ಮಸ್ಕಿ ಬಂಡೆಗಲ್ಲಿನ ಅಶೋಕ ಏನು ಮಾಡಿದ ನೋಡ್ರಿ. ನೀವೇ ಸಾಲಿಯೊಳಗ ಹೇಳಿದ್ದು.

ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಕಂಡವನು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ದೇವಾನಾಂಪ್ರಿಯ ಎಂದು ಕರೆದುಕೊಂಡ ದೊರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಾಕ್ಷ್ಯ ಮೊದಲು ಸಿಕ್ಕಿದ್ದು ಈ ಬಂಡೆಯಲ್ಲಿ. ಇಲ್ಲಿ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ದೂರದ ಕಂದಹಾರದಲ್ಲಿ ಅದೇ ದೊರೆ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಇನ್ನೊಂದು ವಿವರವಿದೆ: ಅಧಿಕಾರಿಗಳು ಭೇರಿ ಹೊಡೆಸಿ ಜನರಿಗೆ ಈ ಆಜ್ಞೆ ತಿಳಿಸಬೇಕು. ಆಳುವವರ ಮಾತನ್ನು ವಾದ್ಯದ ಸದ್ದಿನೊಂದಿಗೆ ಜನರ ಬಳಿಗೆ ಒಯ್ಯುವ ಪದ್ಧತಿಗೆ ಈ ಸೀಮೆಯಲ್ಲಿ ಎರಡು ಸಾವಿರ ವರ್ಷ ಮೀರಿದ ವಯಸ್ಸು.

ಯುವಕ: ಕಂದಹಾರದವರಿಗೆ ಅವರ ಭಾಷಾದಾಗ ಹೇಳಿದ. ನಾ ಮಾಡೋದೂ ಅದೇ.

ಹಿರಿಯರು: ಭಾಷಾ ಬದಲು ಮಾಡಿದ. ಧಮ್ಮ ಬದಲು ಮಾಡಲಿಲ್ಲ. ತಾಯಿ ತಂದಿ ಮಾತು ಕೇಳು, ಜೀವ ಕೊಲ್ಲಬ್ಯಾಡ. ಇದು ಗ್ರೀಕರಿಗೂ ಅದೇ, ನಮಗೂ ಅದೇ. ಹಂಗ ಮಾಡು, ನಾ ತಕರಾರು ತಗಿಯಂಗಿಲ್ಲ. ಬಂಗಾಳಿಯೊಳಗ ಹಾಡು, ಲಂಬಾಣಿಯೊಳಗ ಹಾಡು, ಉರ್ದುವಿನ್ಯಾಗ ಹಾಡು. ಆದ್ರ ಒಂದು ಕಡೆ ಹಾಡಿದ್ದನ್ನ ಇನ್ನೊಂದು ಕಡೆ ಕನ್ನಡಕ್ಕ ತಂದು ಹಾಡಿದ್ರ ನಾಚಿಕಿ ಆಗಬಾರ್ದು.

ಯುವಕ: ಕೇಳಾಕ ಚಲೋ ಐತ್ರಿ. ಕಾಲುವಿ ನೀರಿನ ವಿಷಯದಾಗ ಅದು ಹೆಂಗ ನಡೀತೈತಿ ಹೇಳ್ರಿ. ಮ್ಯಾಲಿನ ಭಾಗದ ಕ್ಯಾಂಪುಗಳಿಗೆ ಎರಡನೇ ಬೆಳಿಗೂ ಭತ್ತ ಬೇಕು. ಕೊನಿ ಭಾಗದ ರೈತರಿಗೆ ಮೊದಲನೇ ಬೆಳಿಗೇ ನೀರು ಮುಟ್ಟಂಗಿಲ್ಲ. ಕ್ಯಾಂಪಿನ್ಯಾಗ ತೆಲುಗಿನ್ಯಾಗ ‘ನಿಮ್ಮ ಎರಡೂ ಬೆಳಿಗೆ ನೀರು’ ಅಂತ ಹಾಡಸ್ತಾರ. ಕೊನಿ ಭಾಗದಾಗ ಕನ್ನಡದಾಗ ‘ಕೊನಿ ಹೊಲಕ್ಕ ನೀರು’ ಅಂತ ಹಾಡಸ್ತಾರ. ಎರಡನ್ನೂ ರೆಕಾರ್ಡ್ ಮಾಡೋನು ನಾನೇ.

ಹಿರಿಯರು: ನಾ ಹೇಳಿದ್ದೂ ಇದನ್ನ.

ಯುವಕ: ಇಲ್ರಿ, ನೀವು ಹೇಳಿದ್ದು ಬ್ಯಾರೆ. ಹಾಡು ಹಲವು ಆದ್ರ ಸುಳ್ಳು ಹುಟ್ಟತೈತಿ ಅಂದ್ರಿ. ನಾ ಹೇಳೋದು, ನೀರು ಸಾಲಂಗಿಲ್ಲ, ಅದಕ್ಕ ಸುಳ್ಳು ಹುಟ್ಟತೈತಿ. ಎಲ್ಲಾರಿಗೂ ಒಂದೇ ಹಾಡು ಮಾಡಿದ್ರ ಬರೀ ‘ನೀರು ಕೊಡ್ತೀವಿ’ ಅಂತ ಹಾಡಬೇಕಾಗ್ತೈತಿ. ಯಾರಿಗೆ ಅನ್ನೋದು ಮುಚ್ಚಿ ಹೋಗ್ತೈತಿ. ಹಾಡು ಎರಡು ಇರೋದಕ್ಕ ಸುಳ್ಳು ಕಿವಿಗೆ ಬೀಳ್ತೈತಿ.

ಹಿರಿಯರು: ಯಾರ ಕಿವಿಗೆ? ಕ್ಯಾಂಪಿನವರು ಕೊನಿ ಭಾಗದ ಹಾಡು ಕೇಳಿಲ್ಲ, ಅವರು ಇವರದು ಕೇಳಿಲ್ಲ. ಎರಡೂ ಕೇಳಿದವ ನೀನೊಬ್ಬನೇ.

ಯುವಕ: ಈಗ ಹಂಗಿಲ್ರಿ. ವಾಟ್ಸ್ಆಪ್‌ನ್ಯಾಗ ಎಲ್ಲಾರ ಹಾಡೂ ಎಲ್ಲಾರಿಗೂ ಬರ್ತಾವ. ಹೋದ ಸಲ ಕೊನಿ ಭಾಗದ ಹುಡುಗನೊಬ್ಬ ತೆಲುಗಿನ ಹಾಡಿಗೆ ಕನ್ನಡದಾಗ ಅರ್ಥ ಹಾಕಿ ಸ್ಟೇಟಸ್ ಇಟ್ಟಿದ್ದ.

ಹಿರಿಯರು: ಅದನ್ನ ಕೇಳಿ ಯಾರಾದ್ರೂ ಅಭ್ಯರ್ಥಿನ್ನ ಪ್ರಶ್ನಾ ಮಾಡಿದ್ರೇನು?

ಯುವಕ: ಒಬ್ಬಿಬ್ಬರು ಮಾಡಿದ್ರು.

ಹಿರಿಯರು: ಹಂಗಾದ್ರ ಮುಂದಿನ ಸಮಾವೇಶದಾಗ ಎರಡೂ ಹಾಡನ್ನ ಒಂದರ ಹಿಂದ ಒಂದು, ಒಂದೇ ವೇದಿಕಿ ಮ್ಯಾಲ ಹಾಕು. ಕ್ಯಾಂಪಿನವರೂ ಕುಂತಿರ್ತಾರ, ಕೊನಿ ಭಾಗದವರೂ ಕುಂತಿರ್ತಾರ.

ಯುವಕ: ಹಾಕಿದ್ರ ನನಗ ರೊಕ್ಕ ಕೊಡೋರು ಯಾರ್ರಿ? ಹಾಡಿನ ಪಟ್ಟಿ ಕಾರ್ಯಕರ್ತರು ಬರೆದು ಕೊಡ್ತಾರ, ಅದರಾಗ ಯಾವುದು ಎಲ್ಲಿ ಅಂತ ಊರ ಹೆಸರಿನ ಸಮೇತ ಇರ್ತೈತಿ. ನೀವು ಕೊನಿ ಭಾಗದ ರೈತರ ಕಡಿಂದ ಕೇಳಸ್ರಿ, ಕ್ಯಾಂಪಿನ ರೈತರ ಕಡಿಂದ ಕೇಳಸ್ರಿ. ಸಭಾದಾಗ ಎದ್ದು ನಿಂತು, ಆ ಹಾಡು ಹಾಕ್ರಿ ಅಂತ ಅವರೇ ಅಂದ್ರ, ಪೆನ್‌ಡ್ರೈವಿನ್ಯಾಗ ಎರಡೂ ಇರ್ತಾವ, ನಾ ಹಾಕ್ತೀನಿ.

ಹಿರಿಯರು: ಅವರು ಎದ್ದು ಕೇಳಬೇಕಂದ್ರ ಕೈಯಾಗ ಮೈಕ್ ಕೊಡಬೇಕು. ಅದು ಕೊಡೋನು ನೀನಲ್ಲೇನು?

ಯುವಕ: ಮೈಕ್ ನಂದು ಸರ್. ವೇದಿಕಿ ಅವರದು.